ಹತ್ತರ ಫ್ಯೂಸ್ ನಿಲ್ಲುತ್ತಿಲ್ಲ, ಮೂವತ್ತರದ್ದು ಹಾಕಿ ಓಡಿಸಬಹುದಾ?

ಬಂಗಡೆ ಗಾಡಿ, ಅಂಕೋಲಾ:

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಡೀಸೆಲ್ ಪಿಕಪ್. ಬೈತಖೋಲದಿಂದ, ಕೆಲವು ಸಲ ತದಡಿಯಿಂದ, ಮೀನು ತುಂಬಿಕೊಂಡು ಶಿರಸಿಗೆ ಹೋಗುವುದು ನನ್ನ ಕೆಲಸ. ಜೂನ್, ಜುಲೈ ಎರಡು ತಿಂಗಳು ಬೋಟು ಕಡಲಿಗೆ ಇಳಿಯಲ್ಲ, ಹಾಗಾಗಿ ಗಾಡಿ ಅಂಗಳದಲ್ಲೇ ನಿಂತಿತ್ತು. ಆ ಬಿಡುವಿನಲ್ಲಿ ಹಿಂದಿನ ಬಾಡಿಯ ನೆಲ ತುಕ್ಕು ಹಿಡಿದು ಪುಡಿಪುಡಿಯಾಗಿದೆ ಅಂತ ಹೊಸ ತಗಡು ಹಾಕಿ ವೆಲ್ಡಿಂಗ್ ಮಾಡಿಸಿದೆ. ಆಗಸ್ಟಿನಲ್ಲಿ ಮತ್ತೆ ಬಾಡಿಗೆ ಶುರು ಮಾಡಿದ ದಿನದಿಂದ ಈ ಗೋಳು ಹಿಡಿದಿದೆ.

ಬೆಳಗಿನ ಜಾವ ನಾಲ್ಕೂವರೆಗೆ ಹೊರಡುತ್ತೇನೆ. ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುವಾಗ ಎಲ್ಲೋ ಒಂದು ಕಡೆ ಟೇಲ್ ಲೈಟ್, ನಂಬರ್ ಪ್ಲೇಟ್ ಲೈಟ್, ಮೀಟರ್ ಲೈಟ್ ಎಲ್ಲಾ ಒಟ್ಟಿಗೆ ಆರಿಹೋಗುತ್ತವೆ. ನೋಡಿದರೆ 10 ಆಂಪಿಯರಿನ ಕೆಂಪು ಫ್ಯೂಸ್ ಹೋಗಿರುತ್ತದೆ. ಮಂಜು ಬೇರೆ, ಹಿಂದಿನಿಂದ ಬರುವ ಲಾರಿಯವನಿಗೆ ನಾನು ಕಾಣುವುದೇ ಇಲ್ಲ. ಮೀನು ಇಳಿಸಿ ಮನೆಗೆ ಬಂದು ಹೊಸ ಫ್ಯೂಸ್ ಹಾಕಿ ಅರ್ಧ ಗಂಟೆ ಲೈಟ್ ಉರಿಸಿ ಬಿಟ್ಟರೂ ಏನೂ ಆಗಲ್ಲ! ಮಾರನೇ ದಿನ ಘಟ್ಟದಲ್ಲಿ ಮತ್ತೆ ಅದೇ ಕಥೆ. ಹೀಗೆ ಒಂಬತ್ತು ಫ್ಯೂಸ್ ಹೋಯಿತು.

ಕೊನೆಗೆ ಒಬ್ಬರು ಎಲೆಕ್ಟ್ರಿಷಿಯನ್ 30ರ ಹಸಿರು ಫ್ಯೂಸ್ ಹಾಕಿ, ಇನ್ನು ಹೋಗಲ್ಲ ಬಿಡಿ ಅಂದರು. ಹೋಗಿಲ್ಲ, ಅದು ನಿಜ. ಆದರೆ ಮೊನ್ನೆ ಘಟ್ಟದಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹದಿನೆಂಟು ಕ್ರೇಟ್ ಬಂಗಡೆ ಹಿಂದೆ ಇದ್ದರೂ ಆ ವಾಸನೆ ಮೂಗಿಗೆ ಬಡಿಯಿತು ಅಂದರೆ ನೀವೇ ಅಂದಾಜು ಮಾಡಿ. ಲೈಟ್ ಆಫ್ ಮಾಡಿ ನಿಲ್ಲಿಸಿದೆ, ಸ್ವಲ್ಪ ಹೊತ್ತಿಗೆ ಹೋಯಿತು. ಹೀಗೇ ಓಡಿಸಬಹುದಾ, ಇಲ್ಲಾ ವೈರಿಂಗ್ ಕಿಟ್ ಪೂರ್ತಿ ಬದಲಿಸಬೇಕಾ? ಕಿಟ್ ಬದಲಿಸುವಷ್ಟು ದುಡ್ಡು ಈಗ ಕೈಯಲ್ಲಿಲ್ಲ.

ಘಟ್ಟದ ವೈರ್‌ಮ್ಯಾನ್, ಶಿರಸಿ:

ಮಾರಾಯ್ರೆ, ಇದನ್ನು ಓದಿದ ಕೂಡಲೇ ಎದ್ದು ಹೋಗಿ ಆ ಹಸಿರು ಫ್ಯೂಸ್ ಕಿತ್ತು ಬನ್ನಿ. ಉಳಿದದ್ದು ಆಮೇಲೆ ಓದಿ.

ಫ್ಯೂಸ್ ಇರುವುದು ಬಲ್ಬ್ ಕಾಯುವುದಕ್ಕಲ್ಲ, ವೈರ್ ಕಾಯುವುದಕ್ಕೆ. ಟೇಲ್ ಲೈಟಿಗೆ ಹೋಗುವ ವೈರ್ ತೆಳು, ಸಾಮಾನ್ಯವಾಗಿ 1 ಸ್ಕ್ವೇರ್ ಎಂಎಂ ಆಸುಪಾಸು. ಅದು ಬಿಸಿಯಾಗುವ ಮೊದಲೇ ತಾನು ಕರಗಿ ಕರೆಂಟ್ ಕಡಿಯಲಿ ಅಂತ ಕಂಪನಿಯವರು ಅಲ್ಲಿ 10 ಕೊಟ್ಟಿದ್ದಾರೆ. ನೀವು 30 ಹಾಕಿದಾಗ ಏನಾಯಿತು? ಈಗ ಫ್ಯೂಸಿನ ಕೆಲಸ ವೈರ್ ಮಾಡುತ್ತಿದೆ. ಸುಟ್ಟ ವಾಸನೆ ಬಂದದ್ದು ಅದಕ್ಕೇ. ಆ ವೈರ್ ಒಂದೇ ಹೋಗುತ್ತಿಲ್ಲ ನೋಡಿ, ಬ್ರೇಕ್ ಲೈಟ್, ಇಂಡಿಕೇಟರ್, ಡೀಸೆಲ್ ಟ್ಯಾಂಕಿನ ಮೀಟರ್ ವೈರ್ ಎಲ್ಲಾ ಒಂದೇ ಕಟ್ಟಿನಲ್ಲಿ ಇರುತ್ತವೆ. ಒಂದು ಬಿಸಿಯಾದರೆ ಪಕ್ಕದ್ದರ ಪ್ಲಾಸ್ಟಿಕ್ ಕೂಡ ಕರಗುತ್ತದೆ.

ಲೆಕ್ಕವೂ ಸುಲಭ. ಹಿಂದೆ 5 ವ್ಯಾಟ್ ಬಲ್ಬ್ ಎರಡು, ಮುಂದೆ ಪಾರ್ಕಿಂಗಿಗೆ 5ರದ್ದು ಎರಡು, ನಂಬರ್ ಪ್ಲೇಟಿಗೆ ಒಂದು, ಮೀಟರಿನೊಳಗಿನ ಸಣ್ಣವು ಎಲ್ಲಾ ಸೇರಿ ಇನ್ನೊಂದು 5 ಅಂತ ಇಟ್ಟುಕೊಳ್ಳಿ. ಒಟ್ಟು 30 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ ಎರಡೂವರೆ ಆಂಪಿಯರ್. ಎರಡೂವರೆ ಎಳೆಯುವ ಲೈನಿನಲ್ಲಿ 10ರ ಫ್ಯೂಸ್ ಹೋಗುತ್ತದೆ ಅಂದರೆ ಎಲ್ಲೋ ವೈರ್ ಗಾಡಿಯ ಕಬ್ಬಿಣಕ್ಕೆ ತಾಗುತ್ತಿದೆ. ದೊಡ್ಡ ಫ್ಯೂಸ್ ಹಾಕಿದರೆ ತಾಗುವುದು ನಿಲ್ಲುತ್ತದಾ?

ಬಣ್ಣ ನೆನಪಿಟ್ಟುಕೊಳ್ಳಿ: ಕೆಂಪು 10, ನೀಲಿ 15, ಹಳದಿ 20, ಬಿಳಿ 25, ಹಸಿರು 30. ಡಬ್ಬಿಯ ಮುಚ್ಚಳದ ಒಳಗೆ ಯಾವ ಜಾಗಕ್ಕೆ ಎಷ್ಟು ಅಂತ ಅಚ್ಚು ಹಾಕಿರುತ್ತಾರೆ, ಅದೇ ಶಾಸನ. ಫ್ಯೂಸ್ ಸಿಗದೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕಿದ ಗಾಡಿಗಳನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಬೇಕಾದಷ್ಟು ನೋಡಿದ್ದೇನೆ. ಒಂದು ಜೀಪಿನಲ್ಲಿ ಮೊಳೆ ಇತ್ತು.

ಉಪ್ಪುಗಾಳಿ, ಕಾರವಾರ:

ಇದು ಉಪ್ಪುನೀರಿನ ಕೆಲಸವೇ, ನೂರಕ್ಕೆ ನೂರು. ಮೀನಿನ ಗಾಡಿಯಲ್ಲಿ ಐಸ್ ಕರಗಿದ ನೀರು ದಿನಾ ಹಿಂದಿನಿಂದ ಸುರಿಯುತ್ತಲೇ ಇರುತ್ತದೆ. ಸೀದಾ ಟೇಲ್ ಲೈಟ್ ಹೋಲ್ಡರಿಗೆ. ನನ್ನ ಮನೆ ಕಡಲಿನಿಂದ ಇನ್ನೂರು ಮೀಟರ್, ಅಂಗಳದಲ್ಲಿ ಸುಮ್ನೆ ನಿಲ್ಲಿಸಿದ ಕಾರಿನ ಹೋಲ್ಡರಿನಲ್ಲೇ ಹಸಿರು ಕಿಲುಬು ಕಟ್ಟುತ್ತದೆ. ನಿಮ್ಮದರ ಕಥೆ ಕೇಳಬೇಕಾ.

ಎರಡೂ ಟೇಲ್ ಲೈಟ್ ಬಿಚ್ಚಿ. ಹೋಲ್ಡರಿನ ಒಳಗೆ ಸಣ್ಣ ಮರಳು ಕಾಗದ ಸುತ್ತಿದ ಕಡ್ಡಿ ಹಾಕಿ ತಿರುವಿ, ತಾಮ್ರ ಹೊಳೆಯುವವರೆಗೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಆಮೇಲೆ ತೆಳ್ಳಗೆ ವ್ಯಾಸಲಿನ್ ಸವರಿ. ಅರ್ತ್ ವೈರ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಚಾಸಿಗೆ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ) ಕೂರುವ ಬೋಲ್ಟ್ ಬಿಚ್ಚಿ ಅಡಿಯ ಪೇಂಟ್, ತುಕ್ಕು ಕೆರೆದು ಮತ್ತೆ ಬಿಗಿ ಮಾಡಿ. ನಮ್ಮ ಕಡೆ ಮುಕ್ಕಾಲು ಪಾಲು ಲೈಟಿನ ತೊಂದರೆ ಅರ್ತಿನದ್ದೇ. ಫ್ಯೂಸ್ ಹೋಗುವುದೂ ಅದಕ್ಕೇ ಇರಬೇಕು.

ಘಟ್ಟದ ವೈರ್‌ಮ್ಯಾನ್, ಶಿರಸಿ:

ಉಪ್ಪುಗಾಳಿಯವರೇ, ಕ್ಲೀನ್ ಮಾಡುವ ವಿಧಾನ ಚೆನ್ನಾಗಿ ಹೇಳಿದಿರಿ, ಅದನ್ನು ಹೇಗೂ ಮಾಡಲೇಬೇಕು. ಆದರೆ ಕೊನೆಯ ಸಾಲು ಒಪ್ಪಲ್ಲ. ಅರ್ತ್ ಕೆಟ್ಟರೆ ಕರೆಂಟಿಗೆ ವಾಪಸ್ ಹೋಗುವ ದಾರಿ ಕಿರಿದಾಗುತ್ತದೆ. ಅಂದರೆ ಕರೆಂಟ್ ಕಮ್ಮಿ ಹರಿಯುತ್ತದೆ, ಬಲ್ಬ್ ಮಂಕಾಗುತ್ತದೆ, ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ. ಕಮ್ಮಿ ಕರೆಂಟಿಗೆ ಫ್ಯೂಸ್ ಯಾಕೆ ಹೋಗುತ್ತದೆ? ಫ್ಯೂಸ್ ಹೋಗಬೇಕಾದರೆ ಜಾಸ್ತಿ ಹರಿಯಬೇಕು, ಅಂದರೆ ಪ್ಲಸ್ ವೈರ್ ಕಬ್ಬಿಣಕ್ಕೆ ತಾಗಬೇಕು.

ಬಂಗಡೆ ಗಾಡಿಯವರೇ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನೀವು ಕತ್ತಲು, ಮಂಜು, ಘಟ್ಟ ಅಂತ ಬರೆದಿದ್ದೀರಿ. ಆದರೆ ಫ್ಯೂಸ್ ಹೋಗುವಾಗೆಲ್ಲಾ ಇನ್ನೊಂದು ಇದೆ, ಲೋಡ್. ಮನೆಯಲ್ಲಿ ಖಾಲಿ ಗಾಡಿಯಲ್ಲಿ ಅರ್ಧ ಗಂಟೆ ಉರಿಸಿದರೂ ಹೋಗಲ್ಲ ಅಂದಿರಿ. ಮತ್ತೆ ಶುರುವಾದದ್ದು ವೆಲ್ಡಿಂಗ್ ಆದ ಮೇಲೆ. ಮೂರು ವಿಷಯ ಹೇಳಿ. ಹೋದ ಫ್ಯೂಸ್ ಒಂದಾದರೂ ಇದೆಯಾ, ಅದರ ಒಳಗೆ ಹೇಗೆ ಕಾಣುತ್ತದೆ? ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಬಿಚ್ಚಿದ್ದರಾ? ಹಿಂದೆ ಎಕ್ಸ್‌ಟ್ರಾ ಲೈಟ್ ಏನಾದರೂ ಎಳೆದಿದ್ದೀರಾ? ಇದಕ್ಕೆ ಸುಳ್ಳು ಹೇಳಬೇಡಿ.

ಬಂಗಡೆ ಗಾಡಿ, ಅಂಕೋಲಾ:

ಹಸಿರು ಕಿತ್ತೆ ಅಣ್ಣ. ಅದರ ಕಾಲು ಕೂರುವ ಜಾಗದ ಪ್ಲಾಸ್ಟಿಕ್ ಸ್ವಲ್ಪ ಹಳದಿ ತಿರುಗಿದೆ.

ಹಳೇ ಫ್ಯೂಸ್ ನಾಲ್ಕು ಡ್ಯಾಶ್‌ಬೋರ್ಡಿನಲ್ಲೇ ಬಿದ್ದಿದ್ದವು. ಬೆಳಕಿಗೆ ಹಿಡಿದು ನೋಡಿದೆ, ನಾಲ್ಕರಲ್ಲೂ ಒಳಗೆ ಕಪ್ಪು ಮಸಿ ಹಿಡಿದಿದೆ, ತಂತಿಯ ಚೂರು ಸಿಡಿದು ಅಂಟಿದ ಹಾಗೆ. ವೆಲ್ಡಿಂಗ್ ದಿನ ನಾನು ಅಲ್ಲಿ ಇರಲಿಲ್ಲ, ಬ್ಯಾಟರಿ ಬಿಚ್ಚಿದ್ದು ಗೊತ್ತಿಲ್ಲ. ಎಕ್ಸ್‌ಟ್ರಾ ಲೈಟ್... ಇದೆ. ಕ್ರೇಟ್ ಇಳಿಸುವಾಗ ಬೆಳಕು ಬೇಕು ಅಂತ ಒಂದು ಎಲ್‌ಇಡಿ ಪಟ್ಟಿ, ಟೇಲ್ ಲೈಟ್ ವೈರಿಗೇ ಸುತ್ತಿ ಟೇಪ್ ಹೊಡೆದಿದ್ದೇನೆ.

ಘಟ್ಟದ ವೈರ್‌ಮ್ಯಾನ್, ಶಿರಸಿ:

ಮಸಿ ಹಿಡಿದಿದೆ ಅಂದರೆ ಒಮ್ಮೆಲೇ ಭಾರೀ ಕರೆಂಟ್ ಹರಿದಿದೆ, ಪಕ್ಕಾ ಶಾರ್ಟ್. ಎಳೆಯುವ ಕರೆಂಟ್ ಸ್ವಲ್ಪ ಜಾಸ್ತಿಯಾಗಿ ಹೋದ ಫ್ಯೂಸ್ ಆದರೆ ನಡುವೆ ನೀಟಾಗಿ ಕರಗಿ ತುಂಡಾಗಿರುತ್ತದೆ, ಪ್ಲಾಸ್ಟಿಕ್ ಒಳಗೆ ಸ್ವಚ್ಛ ಇರುತ್ತದೆ. ನಾನಂತೂ ಗಾಡಿ ನೋಡುವ ಮೊದಲು ಹೋದ ಫ್ಯೂಸ್ ಕೇಳುತ್ತೇನೆ.

ಎಲ್‌ಇಡಿ ಪಟ್ಟಿ ಎಳೆಯುವ ಕರೆಂಟ್ ಏನೂ ಅಲ್ಲ. ಆದರೆ ಟೇಪ್ ಹೊಡೆದ ಜಾಯಿಂಟ್ ಮೀನಿನ ಗಾಡಿಯಲ್ಲಿ ಒಂದು ಮಳೆಗಾಲ ಬಾಳಲ್ಲ. ಅದನ್ನು ಕಡಿದು ಬಿಡಿ, ಆಮೇಲೆ ಬೇರೆ ಲೈನ್ ಎಳೆಯೋಣ.

ಈಗ ಶಾರ್ಟ್ ಎಲ್ಲಿದೆ ಅಂತ ಹುಡುಕುವುದು. ಫ್ಯೂಸ್ ಮೇಲೆ ಫ್ಯೂಸ್ ಸುಡಬೇಕಾಗಿಲ್ಲ. ಬ್ರೇಕ್ ಲೈಟಿಗೆ ಹಾಕುವ 12 ವೋಲ್ಟ್ 21 ವ್ಯಾಟಿನ ಬಲ್ಬ್ ಒಂದು, ಅದರ ಹೋಲ್ಡರ್ ಒಂದು ತನ್ನಿ. ಹೋಲ್ಡರಿನ ಎರಡು ವೈರಿನ ತುದಿಗೆ ಫ್ಯೂಸಿನ ಕಾಲಿನಷ್ಟೇ ಅಗಲದ ಚಪ್ಪಟೆ ಲಗ್, ಅಂದರೆ ಲೋಹದ ತುದಿ, ಒತ್ತಿಸಿಕೊಳ್ಳಿ. ಲೈಟ್ ಸ್ವಿಚ್ ಆಫ್ ಇರಲಿ, ಆ ಎರಡು ಲಗ್ ಫ್ಯೂಸ್ ಕೂರುವ ಎರಡು ಸಂದಿಗೆ ಹಾಕಿ. ಅಂದರೆ ಫ್ಯೂಸ್ ಇದ್ದಲ್ಲಿ ಈಗ ಬಲ್ಬ್ ಇದೆ. ಶಾರ್ಟ್ ಎಷ್ಟೇ ಆಗಲಿ, ಈ ಬಲ್ಬ್ ಎರಡು ಆಂಪಿಯರಿನ ಒಳಗೇ ತಡೆದು ಹಿಡಿಯುತ್ತದೆ, ವೈರ್ ಬಿಸಿಯಾಗಲ್ಲ.

ಒಂದು ಮುಖ್ಯ ವಿಷಯ. ಆ ಲೈನಿನ ಬಲ್ಬ್ ಎಲ್ಲಾ ತೆಗೆಯಿರಿ, ಟೇಲ್, ಪಾರ್ಕಿಂಗ್, ನಂಬರ್ ಪ್ಲೇಟ್. ಇಲ್ಲದಿದ್ದರೆ ಅವುಗಳ ಮೂಲಕವೇ ಕರೆಂಟ್ ಹೋಗಿ ನಿಮ್ಮ ಟೆಸ್ಟ್ ಬಲ್ಬ್ ಉರಿಯುತ್ತದೆ, ಶಾರ್ಟ್ ಅಂದುಕೊಂಡು ದಿನವಿಡೀ ಹುಡುಕುತ್ತೀರಿ. ಮೀಟರಿನ ಸಣ್ಣ ಬಲ್ಬ್ ಬಿಚ್ಚುವುದು ಕಷ್ಟ, ಅದು ಇರಲಿ, ಅದಕ್ಕೆ ಟೆಸ್ಟ್ ಬಲ್ಬ್ ಬರೀ ಕೆಂಪಗೆ ಕಾಣಬಹುದು ಅಷ್ಟೇ. ಈಗ ಲೈಟ್ ಸ್ವಿಚ್ ಆನ್ ಮಾಡಿ. ಬಲ್ಬ್ ಝಗ್ಗನೆ ಪೂರ್ತಿ ಉರಿದರೆ ಆ ಕ್ಷಣ ವೈರ್ ಬಾಡಿಗೆ ತಾಗಿದೆ ಅಂತ ಅರ್ಥ. ನಿಮ್ಮದರಲ್ಲಿ ಖಾಲಿ ಇದ್ದಾಗ ಉರಿಯಲ್ಲ, ನನಗೆ ಗೊತ್ತು. ಹಾಗಾಗಿ ಹಿಂದೆ ಭಾರ ಹೇರಿ. ಒಬ್ಬರು ಬಲ್ಬ್ ನೋಡುತ್ತಿರಲಿ, ಇನ್ನೊಬ್ಬರು ವೈರ್ ಕಟ್ಟನ್ನು ಮುಂದಿನಿಂದ ಹಿಂದಕ್ಕೆ ಗೇಣು ಗೇಣಾಗಿ ಅಲ್ಲಾಡಿಸುತ್ತಾ ಬನ್ನಿ. ಬಲ್ಬ್ ಎಲ್ಲಿ ಹೊತ್ತಿ ಆರುತ್ತದೋ ಅಲ್ಲೇ ಕಳ್ಳ.

ಭಾರ ಹೇರಿದ ಗಾಡಿಯನ್ನು ಜಾಕ್ ಮೇಲೆ ನಿಲ್ಲಿಸಿ ಅಡಿಗೆ ನುಗ್ಗಬೇಡಿ! ಸಮತಟ್ಟು ನೆಲ, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು. ಪಕ್ಕದಿಂದ ಕೈ ಎಟಕುವಷ್ಟೇ ಸಾಕು.

ವೈರ್ ಸಿಕ್ಕಿತು, ಇನ್ನು ಕಡಿಯಬೇಕು, ಜೋಡಿಸಬೇಕು ಅನ್ನುವಾಗ ಬ್ಯಾಟರಿ ಬಿಚ್ಚಿ. ಮೊದಲು ಮೈನಸ್. ಯಾಕೆ ಅಂದರೆ, ಮೈನಸ್ ಹಾಗೇ ಇಟ್ಟು ಪ್ಲಸ್ ಬಿಚ್ಚುವಾಗ ಸ್ಪ್ಯಾನರಿನ ಹಿಂಭಾಗ ಬಾಡಿಗೆ ತಾಗಿದರೆ ಸ್ಪ್ಯಾನರೇ ಶಾರ್ಟ್. 12 ವೋಲ್ಟ್ ಶಾಕ್ ಹೊಡೆಯಲ್ಲ ನಿಜ, ಆದರೆ ಸುಡುತ್ತದೆ. ಬೆರಳಿನ ಉಂಗುರ ಅದರ ನಡುವೆ ಸಿಕ್ಕಿ ಕಾದು ಚರ್ಮಕ್ಕೆ ಅಚ್ಚು ಒತ್ತಿದ್ದು ನನ್ನ ಎಡಗೈಯಲ್ಲೇ ಇದೆ. ವಾಚು, ಉಂಗುರ ತೆಗೆದಿಡಿ. ಹಾಕುವಾಗ ಮೈನಸ್ ಕೊನೆಗೆ. ಮುಂದಿನ ಸಲ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿ ಬಿಚ್ಚಿಸಿ, ಅರ್ತ್ ಕ್ಲಿಪ್ ವೆಲ್ಡ್ ಮಾಡುವ ಜಾಗದ ಹತ್ತಿರವೇ ಹಾಕಿಸಿ. ಇಲ್ಲದಿದ್ದರೆ ಆಲ್ಟರ್ನೇಟರ್ ಹೋಗಬಹುದು, ಕಂಪ್ಯೂಟರ್ ಇರುವ ಗಾಡಿಯಾದರೆ ಅದೂ ಹೋಗಬಹುದು.

ಅಡಿಕೆ ತೋಟ, ಸಿದ್ದಾಪುರ:

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಕಡೆ ಉಪ್ಪಲ್ಲ, ಇಲಿ. ಕಾರು ಕೊಟ್ಟಿಗೆ ಪಕ್ಕ ಸೌದೆ ಮನೆಯಲ್ಲಿ ನಿಲ್ಲಿಸುವುದು, ಮಳೆಗಾಲದಲ್ಲಿ ಬಾನೆಟ್ ಒಳಗೆ ಬೆಚ್ಚಗಿರುತ್ತದೆ ಅಂತ ಸಂಸಾರ ಹೂಡುತ್ತವೆ. ಹೋದ ವರ್ಷ ಕಡಿದ ವೈರಿನ ಜೊತೆ ಅರ್ಧ ಕೆಜಿ ಅಡಿಕೆ ಸಿಪ್ಪೆಯೂ ಸಿಕ್ಕಿತು. ಗಾಡಿ ಎರಡು ತಿಂಗಳು ನಿಂತಿತ್ತು ಅಂದಿರಿ ಅಲ್ವಾ, ಇಲಿ ಕಡಿದದ್ದೂ ಇರಬಹುದು, ನೋಡಿ.

ವೈರ್‌ಮ್ಯಾನ್ ಅಣ್ಣನಿಗೆ ನನ್ನದೊಂದು ಪ್ರಶ್ನೆ. ಮಂಜಿಗೆ ಅಂತ ಎರಡು ಫಾಗ್ ಲೈಟ್ ತಂದಿದ್ದೇನೆ, 55 ವ್ಯಾಟಿನವು. ಹೆಡ್‌ಲೈಟ್ ವೈರಿಗೇ ಕೊಟ್ಟರೆ ಆಗುತ್ತದಾ? ಇನ್ನೊಂದು, ಹೊಸ ಕಾರಿನ ಸೀಟಿನಡಿ ಹಳದಿ ಬಣ್ಣದ ಸಾಕೆಟ್ ಇದೆ, ಅದರಿಂದ ಕರೆಂಟ್ ತೆಗೆಯಬಹುದಾ?

ಘಟ್ಟದ ವೈರ್‌ಮ್ಯಾನ್, ಶಿರಸಿ:

ಹಳದಿ ಸಾಕೆಟ್ ಮುಟ್ಟಲೇಬೇಡಿ. ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದ್ದು. ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್ ಯಾವುದನ್ನೂ ಚುಚ್ಚಬೇಡಿ, ಅಷ್ಟು ಸಣ್ಣ ಕರೆಂಟಿಗೂ ಬ್ಯಾಗ್ ಸಿಡಿಯಬಹುದು. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಯ ಕಿತ್ತಳೆ ಬಣ್ಣದ ದಪ್ಪ ವೈರ್ ಕೂಡ ಹಾಗೇ, ಅದು ಜೀವ ತೆಗೆಯುವ ವೋಲ್ಟೇಜ್, ಆ ಗಾಡಿ ಬಂದರೆ ನಾನೇ ಕಂಪನಿಗೆ ಕಳಿಸುತ್ತೇನೆ.

ಫಾಗ್ ಲೈಟ್ ಎರಡೂ ಸೇರಿ 110 ವ್ಯಾಟ್, ಒಂಬತ್ತು ಚಿಲ್ಲರೆ ಆಂಪಿಯರ್. ಹೆಡ್‌ಲೈಟ್ ವೈರಿಗೆ ಕೊಡಬೇಡಿ. ರಿಲೇ ಹಾಕಿ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಆಫ್ ಮಾಡುವ ಸ್ವಿಚ್. ಬ್ಯಾಟರಿ ಪ್ಲಸ್ಸಿನಿಂದ ಒಂದು ಗೇಣಿನ ಒಳಗೆ 15ರ ಫ್ಯೂಸ್, ಅಲ್ಲಿಂದ 2.5 ಸ್ಕ್ವೇರ್ ಎಂಎಂ ವೈರ್ ರಿಲೇಯ 30 ನಂಬರಿನ ಪಿನ್ನಿಗೆ, 87ರ ಪಿನ್ನಿನಿಂದ ಲೈಟಿಗೆ. 85, 86 ಎರಡರಲ್ಲಿ ಒಂದು ಸ್ವಿಚ್ಚಿಗೆ, ಇನ್ನೊಂದು ಬಾಡಿಗೆ. ಫ್ಯೂಸ್ ಲೈಟಿನ ಹತ್ತಿರ ಹಾಕುವವರಿದ್ದಾರೆ, ಹಾಗೆ ಮಾಡಿದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರಿಗೆ ಕಾವಲು ಯಾರು? ಅದನ್ನೇ ಇಲಿ ಕಡಿದರೆ?

ಬಂಗಡೆ ಗಾಡಿ, ಅಂಕೋಲಾ:

ಸಿಕ್ಕಿತು!!

ಭಾನುವಾರ ಬಾಡಿಗೆ ಇರಲಿಲ್ಲ. ಪಕ್ಕದ ಮನೆಯವರು ಕಂಪೌಂಡ್ ಕಟ್ಟಲು ಚಿರೆಕಲ್ಲು ಇಳಿಸಿಕೊಂಡಿದ್ದರು, ಕೇಳಿ ಇಪ್ಪತ್ತು ಕಲ್ಲು ಹಿಂದೆ ಹೇರಿದೆವು. ಬಲ್ಬ್ ಎಲ್ಲಾ ತೆಗೆದು, ನೀವು ಹೇಳಿದ ಹಾಗೆ 21 ವ್ಯಾಟಿನ ಬಲ್ಬ್ ಫ್ಯೂಸ್ ಜಾಗಕ್ಕೆ ಕೊಟ್ಟು ಸ್ವಿಚ್ ಹಾಕಿದರೆ ಏನೂ ಇಲ್ಲ, ಸುಮ್ನೆ ಕೆಂಪಗೆ ಇದೆ. ವೈರ್ ಕಟ್ಟು ಅಲ್ಲಾಡಿಸಿದರೂ ಇಲ್ಲ. ಆಗ ತಮ್ಮ, ಅವನ ಇಬ್ಬರು ಸ್ನೇಹಿತರು ಕಲ್ಲಿನ ಮೇಲೆ ನಿಂತು ಜೋರಾಗಿ ಕುಪ್ಪಳಿಸಿದರು. ಬಲ್ಬ್ ಫಕ್ ಅಂತ ಹೊತ್ತಿ ಆರಿತು. ಮತ್ತೆ ಕುಪ್ಪಳಿಸಿದರು, ಮತ್ತೆ ಹೊತ್ತಿತು. ಅಮ್ಮ ಹೊರಗೆ ಬಂದು, ಇವರಿಗೆಂಥ ಹುಚ್ಚು ಹಿಡಿಯಿತು ಅಂತ ನೋಡಿ ಒಳಗೆ ಹೋದಳು.

ಕಲ್ಲು ಇಳಿಸಿ, ಟಾರ್ಚ್ ಹಿಡಿದು ಪಕ್ಕದಿಂದ ನೋಡಿದೆ. ಹಿಂದಿನ ಆಕ್ಸಲ್ ಜಾಸ್ತಿ ಮೇಲೆ ಬಂದರೆ ಚಾಸಿಗೆ ಬಡಿಯದ ಹಾಗೆ ಒಂದು ರಬ್ಬರ್ ಗಟ್ಟಿ ಇರುತ್ತದಲ್ಲ, ಎಡಗಡೆಯದ್ದು. ಅದರ ಮತ್ತು ಚಾಸಿಯ ನಡುವೆ ವೈರ್ ಕಟ್ಟು ಜೋತು ಬಿದ್ದಿದೆ. ಮೇಲೆ ಚಾಸಿಯಲ್ಲಿ ಕ್ಲಿಪ್ಪಿನ ತೂತು ಖಾಲಿ. ವೆಲ್ಡಿಂಗ್ ಮಾಡುವಾಗ ಕಟ್ಟನ್ನು ಕೆಳಗೆ ಸರಿಸಿದವರು ಮತ್ತೆ ಮೇಲೆ ಸಿಕ್ಕಿಸಿಲ್ಲ. ಲೋಡ್ ಇದ್ದಾಗ ಘಟ್ಟದ ಗುಂಡಿಗೆ ಗಾಡಿ ಕುಕ್ಕರಿಸಿದಾಗೆಲ್ಲಾ ಆ ರಬ್ಬರ್ ವೈರನ್ನು ಚಾಸಿಯ ಅಂಚಿಗೆ ಒತ್ತಿ ಜಜ್ಜಿದೆ. ಟೇಪ್ ಬಿಚ್ಚಿದರೆ ಟೇಲ್ ಲೈಟಿನ ವೈರ್ ಒಂದು ಕಡೆ ಅಕ್ಕಿ ಕಾಳಿನಷ್ಟು ಜಾಗ ಬೆತ್ತಲೆ, ತಾಮ್ರ ಹಸಿರು ತಿರುಗಿದೆ. ಅಲ್ಲಿಂದ ಎರಡೂ ಕಡೆ ಪ್ಲಾಸ್ಟಿಕ್ ಗಟ್ಟಿಯಾಗಿ, ಬಗ್ಗಿಸಿದರೆ ಬಿರುಕು ಬಿಡುತ್ತದೆ. ಪಕ್ಕದ ವೈರ್ ಒಂದು ಅದಕ್ಕೆ ಅಂಟಿಕೊಂಡಿತ್ತು, ಬಿಡಿಸುವಾಗ ಅದರ ಸಿಪ್ಪೆಯೂ ಎದ್ದು ಬಂತು. ಹಸಿರು ಫ್ಯೂಸಿನ ಪ್ರಸಾದ.

ಇನ್ನು ಇದನ್ನು ಟೇಪ್ ಹೊಡೆದು ಮೇಲೆ ಕಟ್ಟಿದರೆ ಸಾಕಾ?

ಘಟ್ಟದ ವೈರ್‌ಮ್ಯಾನ್, ಶಿರಸಿ:

ಭಲೇ. ಇಪ್ಪತ್ತು ಚಿರೆಕಲ್ಲು ಹೇರುವ ಐಡಿಯಾ ನನಗೂ ಬರುತ್ತಿರಲಿಲ್ಲ.

ಟೇಪ್ ಸಾಲದು. ಗಟ್ಟಿಯಾದ ವೈರ್ ಕಾದು ಸತ್ತ ವೈರ್. ಮೆತ್ತಗಿನ ವೈರ್ ಸಿಗುವವರೆಗೆ ಎರಡೂ ಕಡೆ ಕಡಿಯಿರಿ. ಅಂಟಿಕೊಂಡಿದ್ದ ಇನ್ನೊಂದನ್ನೂ ಹಾಗೇ ಮಾಡಿ. ಅದೇ ದಪ್ಪದ, ಸಾಧ್ಯವಾದರೆ ಅದೇ ಬಣ್ಣದ ವೈರ್ ಹಾಕಿ, ಮುಂದೆ ಕೈ ಹಾಕುವವನಿಗೆ ಪುಣ್ಯ ಬರುತ್ತದೆ. ಮೊದಲೇ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಕೂರುವ ಪ್ಲಾಸ್ಟಿಕ್ ಕೊಳವೆ) ತೂರಿಸಿಕೊಳ್ಳಿ, ಜೋಡಿಸಿದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ. ಜಾಯಿಂಟನ್ನು ಕ್ರಿಂಪಿಂಗ್ ಪ್ಲೈಯರಿನಿಂದ ಒತ್ತಿ, ಒಳಗೆ ಅಂಟು ಇರುವ ಸ್ಲೀವ್ ಏರಿಸಿ ಬಿಸಿ ಮಾಡಿ. ಸುತ್ತಲೂ ಅಂಟು ಸ್ವಲ್ಪ ಹೊರಗೆ ಇಣುಕಬೇಕು, ಆಗ ಉಪ್ಪುನೀರು ಒಳಗೆ ಹೋಗಲ್ಲ. ಎರಡು ಜಾಯಿಂಟ್ ಪಕ್ಕಪಕ್ಕ ಬರದ ಹಾಗೆ ಹಿಂದೆ ಮುಂದೆ ಮಾಡಿ. ಮೇಲೆ ಸುರುಳಿ ಪೈಪ್ ಹಾಕಿ, ರಬ್ಬರ್ ಇರುವ ಕ್ಲಿಪ್ಪಿನಲ್ಲಿ ಚಾಸಿಯ ಒಳಮೈಗೆ ಬಿಗಿಯಿರಿ. ಫ್ಯೂಸ್ ಡಬ್ಬಿಯ ಹಳದಿ ತಿರುಗಿದ ಜಾಗದಲ್ಲಿ ಕಾಲು ಸಡಿಲ ಇದೆಯಾ ನೋಡಿ, ಸಡಿಲ ಇದ್ದರೆ ಆ ಟರ್ಮಿನಲ್ ಬದಲಿಸಿ. ಆಮೇಲೆ ಕೆಂಪು 10.

ಬಂಗಡೆ ಗಾಡಿ, ಅಂಕೋಲಾ:

ಮಾಡಿದೆ. ವೈರ್, ಸ್ಲೀವ್, ಕ್ಲಿಪ್ ಎಲ್ಲಾ ಸೇರಿ ನಾನೂರು ರೂಪಾಯಿ ಕೂಡ ಆಗಲಿಲ್ಲ. ಮೂರು ದಿನದಿಂದ ಕೆಂಪು ಫ್ಯೂಸಿನಲ್ಲೇ ಘಟ್ಟ ಹತ್ತುತ್ತಿದ್ದೇನೆ. ನಿನ್ನೆ ಇಪ್ಪತ್ತೆರಡು ಕ್ರೇಟ್ ಇತ್ತು.

ಈಗ ಇನ್ನೊಂದು ಕಾಣಿಸುತ್ತಿದೆ. ಬ್ರೇಕ್ ಒತ್ತಿದರೆ ಎಡಗಡೆಯ ಇಂಡಿಕೇಟರ್ ಮಂಕಾಗಿ ಮಿಣುಕುತ್ತದೆ. ಇದು ನಾನು ಜೋಡಿಸಿದ್ದರಲ್ಲಿ ತಪ್ಪಾಯಿತಾ?

ಘಟ್ಟದ ವೈರ್‌ಮ್ಯಾನ್, ಶಿರಸಿ:

ಇಲ್ಲ, ಎಡಗಡೆ ಲೈಟಿನ ಅರ್ತ್ ಇರಬೇಕು. ಉಪ್ಪುಗಾಳಿಯವರು ಮೇಲೆ ಬರೆದದ್ದನ್ನು ಮತ್ತೊಮ್ಮೆ ಓದಿ, ಮರಳು ಕಾಗದ ತನ್ನಿ.

ಉಪ್ಪುಗಾಳಿ, ಕಾರವಾರ:

ನಾನು ಹೇಳಿರಲಿಲ್ವಾ?